ಫ್ರೆಶ್‌ಮನ್ ವರ್ಷ ಮುಗಿಸಿ ಕಾಲೇಜು ಬದಲಿಸಿದ್ದು: ಅಮೆರಿಕದಲ್ಲಿ ಬಿಸಿನೆಸ್ ಓದಲು ಹೋದ ನನ್ನ ಅನುಭವ

ಅಮೆರಿಕದಲ್ಲಿ ಒಂದು ಕಾಲೇಜಿಗೆ ಸೇರಿದ ಮೇಲೆ ನಾಲ್ಕು ವರ್ಷವೂ ಅಲ್ಲೇ ಇರಬೇಕು ಅಂತೇನೂ ಇಲ್ಲ. ಗಳಿಸಿದ ಕ್ರೆಡಿಟ್‌ಗಳ (ಪಾಸಾದ ಕೋರ್ಸ್‌ಗಳಿಗೆ ಸಿಗುವ ಅಂಶಗಳು) ಸಮೇತ ಇನ್ನೊಂದು ಕಡೆಗೆ ಹೋಗಬಹುದು. ಇದಕ್ಕೆ ಟ್ರಾನ್ಸ್‌ಫರ್ ಅನ್ನುತ್ತಾರೆ. ನಾನು ಹಾಗೇ ಮಾಡಿದೆ. ಮಿಡ್‌ವೆಸ್ಟ್‌ನ ಒಂದು ಸಣ್ಣ ಕಾಲೇಜಿನಲ್ಲಿ ಮೊದಲ ವರ್ಷ ಓದಿ, ಎರಡನೇ ವರ್ಷಕ್ಕೆ ದೊಡ್ಡ ಸ್ಟೇಟ್ ಯೂನಿವರ್ಸಿಟಿಯೊಂದರ ಬಿಸಿನೆಸ್ ಸ್ಕೂಲಿಗೆ ಬಂದೆ. ಹಳೇ ಕಾಲೇಜು ಕೆಟ್ಟದ್ದೇನಲ್ಲ. ಕ್ಲಾಸುಗಳು ಚಿಕ್ಕವು, ಪ್ರೊಫೆಸರ್‌ಗಳಿಗೆ ಎಲ್ಲರ ಹೆಸರೂ ಗೊತ್ತು. ಆದರೆ ನನಗೆ ಬೇಕಿದ್ದದ್ದು ಫೈನಾನ್ಸ್, ಮತ್ತು ಅಲ್ಲಿ ಫೈನಾನ್ಸ್ ಅನ್ನೋ ಮೇಜರ್ರೇ (ಡಿಗ್ರಿಯ ಮುಖ್ಯ ವಿಷಯ) ಇರಲಿಲ್ಲ.

ಟ್ರಾನ್ಸ್‌ಫರ್ ಅಂದ ಕೂಡಲೇ ಎಲ್ಲರೂ ಕೇಳೋದು ಅರ್ಜಿಯ ಜೊತೆ ಕಳಿಸುವ ಪ್ರಬಂಧದ ಬಗ್ಗೆ. ನನ್ನ ಅನುಭವದಲ್ಲಿ ಜಾಸ್ತಿ ಕೆಲಸ ಮಾಡಿದ್ದು ಮೊದಲ ವರ್ಷ ಆರಿಸಿಕೊಂಡ ಕೋರ್ಸ್‌ಗಳು. ಅದಕ್ಕೊಂದು ಕಾರಣ ಇದೆ. ಎಷ್ಟೋ ಕಡೆ ಯೂನಿವರ್ಸಿಟಿಗೆ ಸೀಟು ಸಿಗೋದೇ ಬೇರೆ, ಬಿಸಿನೆಸ್ ಸ್ಕೂಲಿಗೆ ಸೀಟು ಸಿಗೋದೇ ಬೇರೆ. ಯೂನಿವರ್ಸಿಟಿ ಒಳಗೆ ಬಿಟ್ಟುಕೊಂಡು 'ಪ್ರೀ-ಬಿಸಿನೆಸ್' ಅಂತ ಕೂರಿಸಬಹುದು. ಆಮೇಲೆ ಬಿಸಿನೆಸ್ ಸ್ಕೂಲಿಗೆ ಇನ್ನೊಂದು ಅರ್ಜಿ. ಅಲ್ಲೂ ಸಿಗದಿದ್ದರೆ ಊರು ಬದಲಿಸಿದ್ದೂ ವ್ಯರ್ಥ. ಹಾಗಾಗಿ ನಾನು ಯೂನಿವರ್ಸಿಟಿಯ ಅಡ್ಮಿಶನ್ ಮಾಹಿತಿ ಓದಿ ಸುಮ್ಮನಾಗಲಿಲ್ಲ. ಬಿಸಿನೆಸ್ ಸ್ಕೂಲ್ ತಾನೇ ಹಾಕಿರುವ ನಿಯಮಗಳನ್ನು ಸಾಲು ಸಾಲಾಗಿ ಓದಿದೆ.

ಬಹುತೇಕ ಕಡೆ ಕೇಳುವುದು ಇವನ್ನೇ: ಕ್ಯಾಲ್ಕುಲಸ್, ಮೈಕ್ರೋ ಎಕನಾಮಿಕ್ಸ್, ಒಂದು ಇಂಗ್ಲಿಷ್ ಬರವಣಿಗೆಯ ಕೋರ್ಸ್. ಕೆಲವು ಕಡೆ ಮ್ಯಾಕ್ರೋ, ಸ್ಟಾಟಿಸ್ಟಿಕ್ಸ್, ಅಕೌಂಟಿಂಗ್ ಕೂಡ. ಕ್ಯಾಲ್ಕುಲಸ್‌ನಲ್ಲೇ ಒಂದು ಸೂಕ್ಷ್ಮ ಇದೆ. ಬಿಸಿನೆಸ್ ವಿದ್ಯಾರ್ಥಿಗಳಿಗೆಂದೇ 'ಬಿಸಿನೆಸ್ ಕ್ಯಾಲ್ಕುಲಸ್' ಅಂತ ಸ್ವಲ್ಪ ಸುಲಭದ ಕೋರ್ಸ್ ಇರುತ್ತದೆ. ಕೆಲವು ಸ್ಕೂಲ್‌ಗಳು ಅದನ್ನು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಎಂಜಿನಿಯರಿಂಗ್ ಹುಡುಗರು ತಗೊಳ್ಳುವ 'ಕ್ಯಾಲ್ಕುಲಸ್-1' ಕೋರ್ಸನ್ನೇ ತಗೊಂಡರೆ ಬಹುತೇಕ ಕಡೆ ನಡೆಯುತ್ತದೆ. ಕಷ್ಟ ಆದರೂ ನಾನು ಅದನ್ನೇ ತಗೊಂಡೆ.

ಯಾವ ಸೆಮಿಸ್ಟರ್‌ನಲ್ಲಿ ಏನು ಅನ್ನೋದೂ ಮುಖ್ಯ. ಫಾಲ್‌ಗೆ (ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಶುರುವಾಗುವ ಸೆಮಿಸ್ಟರ್) ಸೇರಲು ಟ್ರಾನ್ಸ್‌ಫರ್ ಅರ್ಜಿಯ ಕೊನೆ ದಿನ ಸಾಮಾನ್ಯವಾಗಿ ಮಾರ್ಚ್ ಆಸುಪಾಸಿನಲ್ಲಿ ಬರುತ್ತದೆ. ಆ ಹೊತ್ತಿಗೆ ಕೈಯಲ್ಲಿರೋದು ಮೊದಲ ಸೆಮಿಸ್ಟರ್‌ನ ಗ್ರೇಡ್ ಮಾತ್ರ. ಅದಕ್ಕೇ ಕ್ಯಾಲ್ಕುಲಸ್, ಮೈಕ್ರೋ ಎರಡನ್ನೂ ಮೊದಲ ಸೆಮಿಸ್ಟರ್‌ಗೇ ಹಾಕಿಕೊಂಡೆ. ಅಕೌಂಟಿಂಗ್, ಸ್ಟಾಟಿಸ್ಟಿಕ್ಸ್ ಎರಡನೆಯದಕ್ಕೆ. ಹಲವು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ಕಾಮನ್ ಆ್ಯಪ್‌ ಎಂಬ ವೆಬ್‌ಸೈಟ್‌ನಲ್ಲಿ ಟ್ರಾನ್ಸ್‌ಫರ್‌ಗೆ ಬೇರೆಯದೇ ಅರ್ಜಿ ಇದೆ. ಅದರ ಜೊತೆ ಮಿಡ್‌ಟರ್ಮ್ ರಿಪೋರ್ಟ್ ಅಂತ ಕೇಳುವವರೂ ಇದ್ದಾರೆ. ನಡೆಯುತ್ತಿರುವ ಕ್ಲಾಸುಗಳಲ್ಲಿ ಈಗ ಎಷ್ಟು ಗ್ರೇಡ್ ಇದೆ ಅಂತ ಒಬ್ಬೊಬ್ಬ ಪ್ರೊಫೆಸರ್ ಹತ್ತಿರವೂ ಬರೆಸಿಕೊಂಡು ಬರಬೇಕು. ಒಂದೇ ವರ್ಷ ಓದಿ ಹೊರಟವರಿಗೆ ಹೈಸ್ಕೂಲ್ ಅಂಕವೂ ಲೆಕ್ಕಕ್ಕೆ ಬರುತ್ತದೆ ಅನ್ನೋದು ನೆನಪಿರಲಿ.

ಎಲ್ಲಿ ಅರ್ಜಿ ಹಾಕಬೇಕು ಅಂತ ತೀರ್ಮಾನಿಸಲು ನನಗೆ ನೆರವಾಗಿದ್ದು ಕಾಮನ್ ಡೇಟಾ ಸೆಟ್ ಅನ್ನೋ ಅಂಕಿಅಂಶಗಳ ವರದಿ. ಹೆಚ್ಚಿನ ಕಾಲೇಜುಗಳು ಪ್ರತಿ ವರ್ಷ ಇದನ್ನು ಪ್ರಕಟಿಸುತ್ತವೆ. ಅದರ 'ಡಿ' ಭಾಗ ಪೂರ್ತಿ ಟ್ರಾನ್ಸ್‌ಫರ್ ಬಗ್ಗೆ. ಎಷ್ಟು ಜನ ಅರ್ಜಿ ಹಾಕಿದರು, ಎಷ್ಟು ಜನರಿಗೆ ಸಿಕ್ಕಿತು, ಕನಿಷ್ಠ ಎಷ್ಟು ಕ್ರೆಡಿಟ್ ಇರಬೇಕು, ಎಷ್ಟು ಗ್ರೇಡ್ ಬಂದರೆ ಕ್ರೆಡಿಟ್ ಒಪ್ಪುತ್ತಾರೆ, ಎಲ್ಲವೂ ಅಲ್ಲಿದೆ. ರ‍್ಯಾಂಕಿಂಗ್ ಪಟ್ಟಿ ನೋಡೋದಕ್ಕಿಂತ ಇದು ಸಾವಿರ ಪಾಲು ಉಪಯೋಗ. ಹೆಸರುವಾಸಿ ಕಾಲೇಜು, ಆದರೆ ಟ್ರಾನ್ಸ್‌ಫರ್‌ನವರನ್ನು ಬೆರಳೆಣಿಕೆಯಷ್ಟು ಮಾತ್ರ ತಗೊಳ್ಳುತ್ತದೆ ಅಂತ ಗೊತ್ತಾದರೆ ಅರ್ಜಿಯ ಫೀಸಾದರೂ ಉಳಿಯುತ್ತದೆ, ಅಲ್ವಾ? ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕ್ಯಾಂಪಸ್‌ಗಳನ್ನು ಮೊದಲೇ ಕೈಬಿಟ್ಟೆ. ಅವರು ಮುಖ್ಯವಾಗಿ ತಗೊಳ್ಳುವುದು ಮೂರನೇ ವರ್ಷಕ್ಕೆ, ಅದರಲ್ಲೂ ಆ ರಾಜ್ಯದ ಕಮ್ಯುನಿಟಿ ಕಾಲೇಜುಗಳಿಂದ (ಎರಡು ವರ್ಷದ ಸರ್ಕಾರಿ ಕಾಲೇಜುಗಳು) ಬರುವವರಿಗೆ ಮೊದಲ ಆದ್ಯತೆ.

ಶಿಫಾರಸು ಪತ್ರಕ್ಕೆ ಮೈಕ್ರೋ ಪ್ರೊಫೆಸರ್ ಹತ್ತಿರ ಹೋದೆ. ಎಲಾಸ್ಟಿಸಿಟಿ (ಬೆಲೆ ಬದಲಾದರೆ ಬೇಡಿಕೆ ಎಷ್ಟು ಬದಲಾಗುತ್ತದೆ ಅನ್ನೋದು) ಲೆಕ್ಕಗಳನ್ನು ಹಿಡಿದುಕೊಂಡು, ಅವರು ವಿದ್ಯಾರ್ಥಿಗಳಿಗೆಂದು ಇಟ್ಟ ಆಫೀಸ್ ಅವರ್ಸ್‌ಗೆ ಆಗಾಗ ಹೋಗುತ್ತಿದ್ದೆ, ಆದ್ದರಿಂದ ನನ್ನ ಪರಿಚಯ ಅವರಿಗಿತ್ತು. "ಕಾಲೇಜು ಬಿಟ್ಟು ಹೋಗ್ತೀನಿ, ಪತ್ರ ಕೊಡಿ" ಅಂತ ಅದೇ ಕಾಲೇಜಿನವರನ್ನು ಕೇಳೋದಕ್ಕೆ ಮುಜುಗರ ಆಗುತ್ತದೆ, ನಿಜ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಅಲ್ಲಿ ಹೋಗಿ ಏನು ಓದ್ತೀಯ? ಇಲ್ಲಿ ಸಿಗದೇ ಇರೋದು ಅಲ್ಲಿ ಏನಿದೆ?" ಅಂತ ಕೇಳಿದರು. ಕಾರ್ಪೊರೇಟ್ ಫೈನಾನ್ಸ್, ವ್ಯಾಲ್ಯುಯೇಶನ್ (ಕಂಪನಿಯ ಬೆಲೆ ಕಟ್ಟುವುದು) ಕೋರ್ಸ್‌ಗಳ ಹೆಸರು ಹೇಳಿದೆ. ವಿದ್ಯಾರ್ಥಿಗಳೇ ನಿಜವಾದ ಹಣ ಹೂಡಿ ನಡೆಸುವ ಫಂಡ್ ಬಗ್ಗೆ ಹೇಳಿದೆ. "ಇದನ್ನೇ ಬರಿ, ಬೇರೇನೂ ಬೇಡ" ಅಂದರು.

ಪ್ರಬಂಧದಲ್ಲಿ ಅದನ್ನೇ ಬರೆದೆ. ಹಳೇ ಕಾಲೇಜನ್ನು ದೂರುವ ಒಂದು ಸಾಲೂ ಹಾಕಲಿಲ್ಲ. ಜೊತೆಗೆ ನಾನು ಸ್ವಯಂಸೇವಕನಾಗಿ ಮಾಡಿದ ವೀಟಾ (VITA) ಕೆಲಸದ ಬಗ್ಗೆ ಬರೆದೆ. ಇದು ಅಮೆರಿಕದ ತೆರಿಗೆ ಇಲಾಖೆಯ ಯೋಜನೆ. ಅವರ ಪರೀಕ್ಷೆ ಪಾಸಾದ ಸ್ವಯಂಸೇವಕರು ಕಡಿಮೆ ಆದಾಯದವರಿಗೆ ಪುಕ್ಕಟೆಯಾಗಿ ರಿಟರ್ನ್ ತುಂಬಿಕೊಡುತ್ತಾರೆ. ಎರಡು ಕಡೆ ಪಾರ್ಟ್‌ಟೈಮ್ ದುಡಿಯುತ್ತಿದ್ದ ಒಬ್ಬರು ತಮ್ಮ ಎರಡು ಡಬ್ಲ್ಯೂ-2 ಹಾಳೆ (ಕೆಲಸ ಕೊಟ್ಟವರು ಕೊಡುವ ಸಂಬಳ-ತೆರಿಗೆ ವಿವರ) ತಂದಿದ್ದರು. ದುಡಿಯುವ ಬಡವರಿಗೆ ಸಿಗುವ ಅರ್ನ್ಡ್ ಇನ್‌ಕಮ್ ಕ್ರೆಡಿಟ್ ಎಂಬ ತೆರಿಗೆ ಸಹಾಯ ತಮಗೂ ಸಿಗುತ್ತದೆ ಅಂತ ಅವರಿಗೆ ಗೊತ್ತೇ ಇರಲಿಲ್ಲ. ಹಿಂದಿನ ಮೂರು ವರ್ಷದ ರಿಫಂಡನ್ನೂ ಕೇಳಲು ಅವಕಾಶ ಇದೆ ಅಂದಾಗ ಅವರು ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು. ಹಣದ ಲೆಕ್ಕ ಗೊತ್ತಿರೋದಕ್ಕೂ ಗೊತ್ತಿಲ್ಲದೇ ಇರೋದಕ್ಕೂ ಎಷ್ಟು ವ್ಯತ್ಯಾಸ ಅಂತ ನನಗೆ ಅಲ್ಲಿ ಅರ್ಥವಾಯಿತು.

ನಾನು ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಇದ್ದವನು. ಹೊಸ ವೀಸಾ ಬೇಕಾಗುತ್ತದೋ ಅಂತ ತುಂಬ ಜನ ಹೆದರುತ್ತಾರೆ. ಬೇಕಿಲ್ಲ. ಹಳೇ ಕಾಲೇಜಿನ ಡಿಎಸ್‌ಒಗೆ (ವಿದೇಶಿ ವಿದ್ಯಾರ್ಥಿಗಳ ವೀಸಾ ವಿಷಯ ನೋಡುವ ಅಧಿಕಾರಿ) ಹೇಳಿದರೆ ಸೆವಿಸ್ (ಸರ್ಕಾರ ವಿದೇಶಿ ವಿದ್ಯಾರ್ಥಿಗಳ ಮಾಹಿತಿ ಇಡುವ ವ್ಯವಸ್ಥೆ) ದಾಖಲೆಯನ್ನು ಹೊಸ ಕಾಲೇಜಿಗೆ ಬಿಟ್ಟುಕೊಡುತ್ತಾರೆ, ಹೊಸ ಕಾಲೇಜಿನವರು ಐ-20 ಎಂಬ ಹೊಸ ಪ್ರವೇಶ ಪತ್ರ ಕೊಡುತ್ತಾರೆ. ಸೆವಿಸ್ ನಂಬರ್ ಅದೇ ಇರುತ್ತದೆ, ಹಾಗಾಗಿ 350 ಡಾಲರ್ ಫೀಸು ಮತ್ತೆ ಕಟ್ಟಬೇಕಿಲ್ಲ. ದಾಖಲೆ ಬಿಟ್ಟುಕೊಟ್ಟ ಐದು ತಿಂಗಳೊಳಗೆ ಹೊಸ ಕಡೆ ಕ್ಲಾಸ್ ಶುರುವಾಗಬೇಕು, ಶುರುವಾದ 15 ದಿನದೊಳಗೆ ಅಲ್ಲಿನ ಡಿಎಸ್‌ಒಗೆ ವರದಿ ಮಾಡಿಕೊಳ್ಳಬೇಕು. ಬ್ಯಾಂಕಿನ ಕಾಗದಗಳನ್ನು ಮಾತ್ರ ಮತ್ತೆ ತೋರಿಸಬೇಕು, ಯಾಕೆಂದರೆ ಹೊಸ ಕಾಲೇಜಿನ ಖರ್ಚೇ ಬೇರೆ. ದುಡ್ಡಿನ ವಿಷಯದಲ್ಲಿ ಇನ್ನೊಂದು ಮಾತು. ಮೆರಿಟ್ ಸ್ಕಾಲರ್‌ಶಿಪ್‌ಗಳನ್ನು ಕಾಲೇಜುಗಳು ಹೆಚ್ಚಾಗಿ ಇಡುವುದು ಫ್ರೆಶ್‌ಮನ್‌ಗಳಿಗೆ. ಟ್ರಾನ್ಸ್‌ಫರ್‌ನವರಿಗೆ ಉಳಿಯೋದು ಕಡಿಮೆ. ಮನೆಯಲ್ಲಿ ಕೂತು ಮೂರು ವರ್ಷದ ಲೆಕ್ಕ ಹಾಕಿದ ಮೇಲೇ ನಾನು ಒಪ್ಪಿಗೆ ಕಳಿಸಿದ್ದು.

ಸೀಟು ಸಿಕ್ಕಮೇಲೆ ಕ್ರೆಡಿಟ್ ಇವ್ಯಾಲ್ಯುಯೇಶನ್ ಬಂತು, ಅಂದರೆ ಹಳೇ ಕೋರ್ಸ್‌ಗಳು ಹೊಸ ಕಡೆ ಯಾವುದಕ್ಕೆ ಸಮ ಅನ್ನೋ ಪಟ್ಟಿ. ಮೈಕ್ರೋ, ಕ್ಯಾಲ್ಕುಲಸ್, ಅಕೌಂಟಿಂಗ್ ಸರಿಯಾಗಿ ಬಂದಿದ್ದವು. ಸ್ಟಾಟಿಸ್ಟಿಕ್ಸ್ ಮಾತ್ರ ಬರೀ ಎಲೆಕ್ಟಿವ್ (ಐಚ್ಛಿಕ ಕೋರ್ಸ್) ಅಂತ ಬಿದ್ದಿತ್ತು. ಕ್ರೆಡಿಟ್ ಸಿಕ್ಕಿದೆ, ಆದರೆ ಬಿಸಿನೆಸ್ ಡಿಗ್ರಿಗೆ ಬೇಕಾದ ಸ್ಟಾಟಿಸ್ಟಿಕ್ಸ್ ಜಾಗ ಖಾಲಿ. ಹಾಗೇ ಬಿಟ್ಟಿದ್ದರೆ ಅದೇ ಕೋರ್ಸನ್ನು ಮತ್ತೆ ದುಡ್ಡು ಕೊಟ್ಟು ಓದಬೇಕಿತ್ತು. ಪ್ರತಿ ಕೋರ್ಸಿನ ಸಿಲಬಸ್ ಉಳಿಸಿಟ್ಟುಕೊಂಡಿದ್ದೆ. ವಾರವಾರದ ಪಾಠಗಳ ಪಟ್ಟಿ, ಪುಸ್ತಕದ ಹೆಸರು, ರಿಗ್ರೆಶನ್ (ಅಂಕಿಅಂಶಗಳ ನಡುವಿನ ಸಂಬಂಧ ಕಂಡುಹಿಡಿಯುವ ವಿಧಾನ) ಮೇಲೆ ಮಾಡಿದ ಪ್ರಾಜೆಕ್ಟ್, ಎಲ್ಲವನ್ನೂ ಸೇರಿಸಿ ಅಡ್ವೈಸರ್‌ಗೆ ಕಳಿಸಿದೆ. ಅವರು ಡಿಪಾರ್ಟ್‌ಮೆಂಟ್‌ಗೆ ಕಳಿಸಿದರು. ರಿಗ್ರೆಶನ್ ಪಾಠ ಆಗಿದೆ ಅಂತ ನೋಡಿ ಸಮಾನ ಕೋರ್ಸ್ ಅಂತ ಬದಲಿಸಿಕೊಟ್ಟರು.

ಬಂದ ಮೇಲೆ ಗಡಿಬಿಡಿ ಇರೋದು ಇಂಟರ್ನ್‌ಶಿಪ್‌ದು. ಇನ್ವೆಸ್ಟ್‌ಮೆಂಟ್ ಬ್ಯಾಂಕುಗಳು ಮೂರನೇ ವರ್ಷದ ಬೇಸಿಗೆಗೆ ಬೇಕಾದವರನ್ನು ಎರಡನೇ ವರ್ಷದಲ್ಲೇ ಆರಿಸಲು ಶುರು ಮಾಡುತ್ತವೆ. ಉಳಿದವರಿಗೆ ಒಂದು ವರ್ಷದ ಪರಿಚಯ, ಸೀನಿಯರ್‌ಗಳ ನೆರವು ಇರುತ್ತದೆ. ನಮಗೆ ಆಗಷ್ಟೇ ಕ್ಲಾಸಿನ ದಾರಿ ಗೊತ್ತಾಗಿರುತ್ತದೆ. ಮೊದಲ ವಾರವೇ ಫೈನಾನ್ಸ್ ಕ್ಲಬ್ ಸೇರಿದೆ, ಕರಿಯರ್ ಆಫೀಸಿನಲ್ಲಿ ರೆಸ್ಯೂಮೆ ತಿದ್ದಿಸಿಕೊಂಡೆ. ಹಳೇ ಗ್ರೇಡ್‌ಗಳು ಸಾಮಾನ್ಯವಾಗಿ ಹೊಸ ಕಾಲೇಜಿನ ಜಿಪಿಎಗೆ (ಗ್ರೇಡ್‌ಗಳ ಸರಾಸರಿ) ಸೇರುವುದಿಲ್ಲ. ಡಿಸೆಂಬರ್‌ವರೆಗೆ ಆ ಜಾಗ ಖಾಲಿಯೇ. ಅಲ್ಲಿಯವರೆಗೆ ಹಳೇ ಕಾಲೇಜಿನ ಹೆಸರು, ಅಲ್ಲಿನ ಜಿಪಿಎ ಎರಡನ್ನೂ ರೆಸ್ಯೂಮೆಯಲ್ಲಿ ಹಾಗೇ ಇಟ್ಟೆ. ಫಾಲ್ ಗ್ರೇಡ್ ಬಂದ ದಿನವೇ ಹೊಸದನ್ನೂ ಅದರ ಮೇಲೆ ಸೇರಿಸಿ ಅರ್ಜಿಗಳನ್ನು ಕಳಿಸಲು ಶುರು ಮಾಡಿದೆ.