ಲೈಕ್ ಕಂಡ ಕೂಡಲೇ ಸಿಮಿಲಿ ಅಲ್ಲ

ಗದಗ ಹತ್ತಿರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಮಕ್ಕಳೆಲ್ಲ ಕನ್ನಡ ಮಾಧ್ಯಮದವರು. ಪದ್ಯದ ಸಾಲು ಕೊಟ್ಟು ಅಲಂಕಾರ ಯಾವುದು ಅಂತ ಕೇಳಿದರೆ ಹೆಚ್ಚಿನವರು ಮೊದಲು ನೋಡುವುದು ‘ಲೈಕ್’, ‘ಆ್ಯಸ್’ ಇದೆಯಾ ಅಂತ. ಸಿಕ್ಕರೆ ಸಿಮಿಲಿ, ಅಂದರೆ ನಮ್ಮ ಉಪಮೆ; ಸಿಗದಿದ್ದರೆ ಮೆಟಫರ್, ಅಂದರೆ ರೂಪಕ. ಗೈಡುಗಳೂ ಇದನ್ನೇ ಹೇಳಿಕೊಡುತ್ತವೆ.

ಅದಕ್ಕೇ ನಾನು ಬೋರ್ಡ್ ಮೇಲೆ ‘ಐ ಲೈಕ್ ಮ್ಯಾಂಗೋಸ್’ ಅಂತ ಬರೆಯುತ್ತೇನೆ. ಅದರ ಕೆಳಗೆ ‘ರವಿ ಲುಕ್ಸ್ ಲೈಕ್ ಹಿಸ್ ಬ್ರದರ್’. ಎರಡರಲ್ಲೂ ಲೈಕ್ ಇದೆ, ಎರಡೂ ಸಿಮಿಲಿ ಅಲ್ಲ. ಮಾವಿನಹಣ್ಣಿನ ಮಾತಲ್ಲಿ ಹೋಲಿಕೆಯೇ ಇಲ್ಲ. ಅಣ್ಣನ ಹಾಗಿದ್ದಾನೆ ಅನ್ನುವುದು ಬರೀ ಸುದ್ದಿ, ಇಬ್ಬರೂ ಮನುಷ್ಯರೇ ಅಲ್ವಾ? ಉಪಮೇಯ (ಯಾವುದನ್ನು ಹೋಲಿಸುತ್ತೇವೋ ಅದು), ಉಪಮಾನ (ಯಾವುದಕ್ಕೆ ಹೋಲಿಸುತ್ತೇವೋ ಅದು), ಸಮಾನಧರ್ಮ (ಎರಡರಲ್ಲೂ ಇರುವ ಒಂದೇ ಗುಣ), ಉಪಮಾವಾಚಕ (‘ಹಾಗೆ’, ‘ಅಂತೆ’ ಥರದ ಹೋಲಿಕೆಯ ಪದ) ಅಂತ ಕನ್ನಡ ಸರ್ ಆಗಲೇ ಹೇಳಿಕೊಟ್ಟಿರುತ್ತಾರೆ. ಆ ನಾಲ್ಕನ್ನೇ ಇಲ್ಲೂ ಹುಡುಕಿಸುತ್ತೇನೆ. ಲೈಕ್ ಬರೀ ಉಪಮಾವಾಚಕ. ತಲೆ ಕೆಡಿಸಿಕೊಳ್ಳಬೇಕಾದ್ದು ಸಮಾನಧರ್ಮಕ್ಕೆ.

ಶೇಕ್ಸ್‌ಪಿಯರನ ‘ಮರ್ಚಂಟ್ ಆಫ್ ವೆನಿಸ್’ನಲ್ಲಿ ವಕೀಲನ ವೇಷದಲ್ಲಿ ಬಂದ ನಾಯಕಿ ಪೋರ್ಷಿಯಾ, ಸಾಲಗಾರನ ಮೇಲೆ ಕರುಣೆ ತೋರಿಸು ಅಂತ ಕೋರ್ಟಿನಲ್ಲಿ ಸಾಲ ಕೊಟ್ಟ ಶೈಲಾಕನಿಗೆ ಹೇಳುವ ಮಾತು ನಮ್ಮ ಮಕ್ಕಳಿಗೆ ಬೇಗ ಹತ್ತುತ್ತದೆ. ಕರುಣೆ ಅಂದರೆ ಆಕಾಶದಿಂದ ಬೀಳುವ ಮೆಲುಮಳೆ ಹಾಗೆ ಅನ್ನುತ್ತಾಳೆ ಅವಳು. ಮಳೆಯನ್ನೇ ಯಾಕೆ ತಂದಳು ಅಂತ ಕೇಳಿದೆ. ಮಳೆ ನಂಬಿ ಹೆಸರು ಬಿತ್ತುವ ಮನೆಯ ಹುಡುಗನೊಬ್ಬ ‘ಮಳಿ ಒತ್ತಾಯಕ್ಕ ಬರೂದಿಲ್ರಿ ಸರ್’ ಅಂದ. ಪೋರ್ಷಿಯಾಳ ಮೊದಲ ಸಾಲೇ ಅದು: ಕರುಣೆ ಬಲವಂತಕ್ಕೆ ಬರುವಂಥದ್ದಲ್ಲ. ಇನ್ನೊಬ್ಬಳು ‘ಇವರ ಹೊಲ, ಅವರ ಹೊಲ ಅಂತ ನೋಡೂದಿಲ್ರಿ’ ಅಂದಳು. ಹಾಗಾದರೆ ಮೆಲುಮಳೆಯೇ ಯಾಕೆ ಅಂದೆ. ‘ಜೋರ ಮಳಿ ಬಿತ್ತಿದ್ದನ್ನ ಕೊಚಗೊಂಡು ಹೋಗ್ತೈತ್ರಿ!’ ಇಷ್ಟಾದ ಮೇಲೆ ಅಲಂಕಾರದ ಹೆಸರು ಹೇಳುವುದು ಎಷ್ಟರ ಕೆಲಸ?

ಮೆಟಫರ್‌ಗೆ ಜಾಸ್ತಿ ಹೊತ್ತು ಬೇಡ. ‘ಹುಲಿ ಹಂಗ ಅದಾನ’ ಸಿಮಿಲಿ, ‘ಅಂವ ಹುಲಿ’ ಮೆಟಫರ್. ರೂಪಕ ಸಾಮ್ರಾಜ್ಯದ ಚಕ್ರವರ್ತಿ ಅನ್ನಿಸಿಕೊಂಡ ಕುಮಾರವ್ಯಾಸ ಗದಗಿನ ವೀರನಾರಾಯಣನ ಗುಡಿಯಲ್ಲೇ ಕೂತು ಭಾರತ ಬರೆದನಂತೆ. ಅವನ ಊರಿನವರು ರೂಪಕಕ್ಕೆ ಹೆದರಿದರೆ ಹೇಗೆ? ಜೀವವಿಲ್ಲದ್ದಕ್ಕೆ ಮನುಷ್ಯರ ಗುಣ ಕೊಡುವ ಪರ್ಸಾನಿಫಿಕೇಶನ್ನೂ ಹಾಗೆಯೇ. ‘ಈ ಸಲ ಮಳಿ ಮುನಿಸಿಕೊಂಡೈತಿ’ ಅಂತ ಮನೆಯಲ್ಲೇ ಕೇಳಿರುತ್ತಾರೆ.

ತೊಡಕಿರುವುದು ಅಲಿಟರೇಷನ್‌ನಲ್ಲಿ. ಹತ್ತಿರ ಹತ್ತಿರದ ಪದಗಳ ಶುರುವಿನಲ್ಲಿ ಒಂದೇ ಸದ್ದು ಮತ್ತೆ ಮತ್ತೆ ಬರಬೇಕು. ಮಕ್ಕಳು ಸದ್ದು ಬಿಟ್ಟು ಸ್ಪೆಲಿಂಗ್ ನೋಡುತ್ತಾರೆ. ಸಿಟಿ, ಕ್ಯಾಟ್ ಎರಡೂ ‘ಸಿ’ ಅಕ್ಷರದಿಂದ ಶುರುವಾದರೂ ಸದ್ದು ಬೇರೆ. ನೈಫ್ ‘ಕೆ’ಯಿಂದ, ನೋಸ್ ‘ಎನ್’ನಿಂದ; ಕಿವಿಗೆ ಎರಡೂ ನಕಾರವೇ. ಅದಕ್ಕೆ ಸಾಲನ್ನು ಸುಮ್ನೆ ಕನ್ನಡ ಅಕ್ಷರದಲ್ಲಿ ಬರೆಯಿಸಿಬಿಡುತ್ತೇನೆ. ಯಾವ ಸದ್ದು ತಿರುಗಿ ಬಂತು ಅಂತ ಕಣ್ಣಿಗೇ ಕಾಣುತ್ತದೆ. ಇಂಗ್ಲಿಷ್ ಮಾಸ್ತರ ಕನ್ನಡ ಬರೆಯಿಸ್ತಾನ ಅಂತ ಸ್ಟಾಫ್ ರೂಮಿನಲ್ಲಿ ನಗುವವರಿದ್ದಾರೆ. ನಗಲಿ.

ಹೈಪರ್ಬೊಲಿಗೆ, ಅಂದರೆ ಅತಿಶಯೋಕ್ತಿಗೆ, ‘ಸಾವಿರ ಸಲ ಹೇಳೀನಿ’ ಸಾಕು. ಐರನಿ ಕಷ್ಟ ಅಂತಾರೆ, ನನಗೇನೋ ಹಾಗನ್ನಿಸಿಲ್ಲ. ಒಂದಿನ ಬೆಲ್ ಹೊಡೆದು ಬಹಳ ಹೊತ್ತಿನ ಮೇಲೆ ಬಂದವನಿಗೆ ‘ಬರ್ರಿ ಸಾಹೇಬ್ರ, ಭಾಳ ಲಗೂ ಬಂದ್ರಿ!’ ಅಂದೆ. ಕ್ಲಾಸೆಲ್ಲ ನಕ್ಕಿತು. ಯಾಕೆ ನಕ್ಕರು ಅಂತ ಅವನನ್ನೇ ಕೇಳಿದೆ. ‘ನೀವು ಅಂದಿದ್ದು ಒಂದು, ಅದರ ಅರ್ಥ ಇನ್ನೊಂದ್ರಿ’ ಅಂದ. ಅದನ್ನೇ ಬೋರ್ಡ್ ಮೇಲೆ ಬರೆದು, ಪಕ್ಕದಲ್ಲಿ ಐರನಿ ಅಂತ ಹಾಕಿದೆ.