ಕೊಂಕ್ ಗ್ರಾಮವನ್ನು ನೋಡುವ ಕ್ರಮ

ದಕ್ಷಿಣ ಫ್ರಾನ್ಸಿನ ಅವೇರೊನ್ ಪ್ರಾಂತದಲ್ಲಿ, ಕಡಿದಾದ ಬೆಟ್ಟದ ಮಗ್ಗುಲಿಗಿರುವ ಕೊಂಕ್ ಗ್ರಾಮಕ್ಕೆ ರೈಲು ಸಂಪರ್ಕವಿಲ್ಲ. ರೊಡೆಜ್ ಪಟ್ಟಣದವರೆಗೆ ರೈಲಿನಲ್ಲಿ ಬಂದು, ಅಲ್ಲಿಂದ ಸುಮಾರು 40 ಕಿಲೋಮೀಟರ್ ದೂರವನ್ನು ಬಾಡಿಗೆ ಕಾರಿನಲ್ಲಿ ಕ್ರಮಿಸುವುದು ಅನುಕೂಲಕರ. ಊರೊಳಗೆ ಕಲ್ಲು ಹಾಸಿದ ಇಳಿಜಾರು ಬೀದಿಗಳೇ ಇರುವುದರಿಂದ ಜಾರದ ಪಾದರಕ್ಷೆ ಅಗತ್ಯ.

ಇಲ್ಲಿ ಹೆಚ್ಚು ಸಮಯ ಬೇಡುವುದು ಸಂತ ಫುವಾ ಎಂಬ ಕ್ರೈಸ್ತ ಹುತಾತ್ಮ ಬಾಲಕಿಯ ಹೆಸರಿನ ಮಠದ ಚರ್ಚಿನ ಮುಖ್ಯ ದ್ವಾರ. ಅದು ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಮಧ್ಯಾಹ್ನ ಕಳೆದ ಮೇಲೆ ಹೋಗಬೇಕು. ಬೆಳಿಗ್ಗೆ ಶಿಲ್ಪಗಳು ನೆರಳಿನಲ್ಲಿರುತ್ತವೆ. ಬಾಗಿಲ ಮೇಲಿನ ಅರ್ಧವೃತ್ತಾಕಾರದ ಫಲಕದಲ್ಲಿ, 12ನೆಯ ಶತಮಾನದ ಆರಂಭದ ಶಿಲ್ಪಿಗಳು ಕ್ರಿಸ್ತ ಎಲ್ಲರನ್ನೂ ಸ್ವರ್ಗಕ್ಕೋ ನರಕಕ್ಕೋ ಕಳಿಸುವ ಅಂತಿಮ ತೀರ್ಪಿನ ದಿನವನ್ನು 124 ಆಕೃತಿಗಳಲ್ಲಿ ಕಡೆದಿದ್ದಾರೆ. ನಡುವಿನ ಕ್ರಿಸ್ತನಿಂದ ಆರಂಭಿಸಿ, ಅವನ ಬಲಗೈ ಮೇಲೆತ್ತಿರುವ ದಿಕ್ಕನ್ನು, ಅಂದರೆ ನೋಡುವವರ ಎಡಭಾಗವನ್ನು, ಮೊದಲು ಗಮನಿಸಿ: ಮೇರಿ, ಬೀಗದ ಕೈ ಹಿಡಿದ ಪೀಟರ್, ಅವರ ಹಿಂದೆ ಮಠಾಧಿಪತಿಯೊಬ್ಬ ಕೈಹಿಡಿದು ಕರೆತರುತ್ತಿರುವ ದೊರೆ ಶಾರ್ಲೆಮೇನ್. ಆ ಸಾಲಿನ ಕೆಳಗೆ, ದೇವರ ಹಸ್ತದ ಮುಂದೆ ಬಾಗಿರುವ ಸಂತ ಫುವಾಳ ಹಿಂದೆ ಸಂಕೋಲೆಗಳು ತೂಗುತ್ತಿವೆ. ಅವಳ ಕೃಪೆಯಿಂದ ಬಿಡುಗಡೆಯಾದ ಸೆರೆಯಾಳುಗಳು ತಂದೊಪ್ಪಿಸಿದ ಕಾಣಿಕೆ ಅದು. ಬಳಿಕ ಬಲಭಾಗದ ನರಕಕ್ಕೆ ಬನ್ನಿ. ಕುದುರೆಯಿಂದ ತಲೆಕೆಳಗಾಗಿ ಬೀಳುವ ಯೋಧನೂ, ಕೊರಳಿಗೆ ಹಣದ ಚೀಲ ಕಟ್ಟಿಕೊಂಡು ನೇತಾಡುವ ಜಿಪುಣನೂ ಅಲ್ಲಿದ್ದಾರೆ. ಸ್ವರ್ಗಕ್ಕಿಂತ ನರಕವೇ ಶಿಲ್ಪಿಗೆ ಹೆಚ್ಚು ಹುರುಪು ತಂದಿದೆಯೆಂದು ನನಗನ್ನಿಸುತ್ತದೆ. ಹೊರಗಿನ ಕಮಾನಿನ ಅಂಚಿನಿಂದ ಇಣುಕುವ ಪುಟ್ಟ ಮುಖಗಳನ್ನು ಹುಡುಕಲು ದುರ್ಬೀನು ಸಹಾಯಕ.

ಒಳಗೆ, ಗರ್ಭಗೃಹವನ್ನು ಸುತ್ತುವರಿದ ಕಬ್ಬಿಣದ ಜಾಲರಿಯನ್ನು ಅದೇ ಸಂಕೋಲೆಗಳನ್ನು ಕರಗಿಸಿ ಮಾಡಿದರೆಂಬ ಐತಿಹ್ಯವಿದೆ. ರೊಡೆಜ್‌ನಲ್ಲೇ ಹುಟ್ಟಿದ ಚಿತ್ರಕಾರ ಪಿಯರ್ ಸುಲಾಜ್ ರೂಪಿಸಿದ, 1994ರಲ್ಲಿ ಪೂರ್ಣಗೊಂಡ ಬಣ್ಣರಹಿತ ಗಾಜಿನ ಕಿಟಕಿಗಳನ್ನು ಬೇರೆ ಬೇರೆ ಹೊತ್ತಿನಲ್ಲಿ ಎರಡು ಬಾರಿಯಾದರೂ ನೋಡುವುದು ಉಚಿತ, ಏಕೆಂದರೆ ಹೊರಗಿನ ಬೆಳಕಿಗೆ ತಕ್ಕಂತೆ ಅವುಗಳ ಛಾಯೆ ಬದಲಾಗುತ್ತದೆ.

ಪಕ್ಕದ ಖಜಾನೆಗೆ ಪ್ರತ್ಯೇಕ ಟಿಕೆಟ್ ಪಡೆಯಬೇಕು. ಮರದ ಮೇಲೆ ಚಿನ್ನದ ತಗಡು ಹೊದಿಸಿ ರತ್ನಗಳನ್ನು ಕೂರಿಸಿದ ಸಂತಳ ಪ್ರತಿಮೆ ಅಲ್ಲಿದೆ. ಅವಳ ಅವಶೇಷಗಳನ್ನು 9ನೆಯ ಶತಮಾನದಲ್ಲಿ ಕೊಂಕ್‌ನ ಸನ್ಯಾಸಿಯೊಬ್ಬ ಆಜಾನ್ ಪಟ್ಟಣದಿಂದ ಕದ್ದು ತಂದನೆಂದು ಮಠದ ಕಥನಗಳೇ ಸಂಕೋಚವಿಲ್ಲದೆ ಹೇಳುತ್ತವೆ. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಗ್ರಾಮಸ್ಥರು ಈ ಸಂಪತ್ತನ್ನು ತಮ್ಮ ಮನೆಗಳಲ್ಲಿ ಅಡಗಿಸಿಟ್ಟು ಉಳಿಸಿದರು.

ಕೊಂಕ್, ಫ್ರಾನ್ಸಿನ ಲ ಪುಯಿ ಪಟ್ಟಣದಿಂದ ಸ್ಪೇನಿನ ಸಾಂತಿಯಾಗೊಗೆ ಹೋಗುವ ಯಾತ್ರಾಮಾರ್ಗದಲ್ಲಿದೆ. ಹೀಗಾಗಿ ಬೇಸಿಗೆಯಲ್ಲಿ ರಾತ್ರಿ ತಂಗುವವರು ಕೋಣೆಯನ್ನು ಬಹಳ ಮೊದಲೇ ಕಾಯ್ದಿರಿಸಬೇಕು.