ಬೋರ್ಡಿನ ಮೇಲೆ ಒಂದೇ ವಾಕ್ಯ: 9/11 ಪಿತೂರಿ ವಾದ ನಡೆಸುವ ಬಗೆ

ಸೆಪ್ಟೆಂಬರ್ ಬಂತೆಂದರೆ ಅದೇ ವಿಡಿಯೋಗಳು ವಾಟ್ಸ್‌ಆ್ಯಪ್‌ನಲ್ಲಿ ಮತ್ತೆ ಸುತ್ತು ಹೊಡೆಯುತ್ತವೆ. 2001ರ ಸೆಪ್ಟೆಂಬರ್ 11ರಂದು ಬಡಿದ ವಿಮಾನ ಬರೀ ನೆಪ, ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರ್ ಕಟ್ಟಡಗಳನ್ನು ಒಳಗಿನಿಂದಲೇ ಸಿಡಿಸಿದ್ದರು ಅಂತ. ಬಸವನಗುಡಿಯಲ್ಲಿ ಮಹಡಿ ಮೇಲಿನ ಒಂದು ಕೋಣೆಯಲ್ಲಿ ಈ ವಿಷಯಕ್ಕೆ ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸುತ್ತೇವೆ. ಅಲ್ಲಿ ಕೆಲಸ ಮಾಡುವುದು ಒಂದೇ ಉಪಾಯ: ಹೇಳುವ ಮಾತನ್ನು, ತಪ್ಪು ಅಂತ ತೋರಿಸಲು ಸಾಧ್ಯವಾಗುವಷ್ಟು ಖಚಿತವಾಗಿ ಬೋರ್ಡಿನ ಮೇಲೆ ಬರೆಸುವುದು. ಅದಾಗದಿದ್ದರೆ ಮಿಕ್ಕಿದ್ದೆಲ್ಲ ಕೂಗಾಟ.

ಜನ ಆರರಿಂದ ಹತ್ತು. ಹತ್ತು ದಾಟಿದರೆ ಚರ್ಚೆ ಹೋಗಿ ಭಾಷಣ ಆಗುತ್ತದೆ. ಕುರ್ಚಿ ದುಂಡಗೆ, ಒಂದು ವೈಟ್‌ಬೋರ್ಡ್, ಟಿವಿಗೆ ಜೋಡಿಸಿದ ಒಂದು ಲ್ಯಾಪ್‌ಟಾಪ್. ಒಂದೂವರೆ ಗಂಟೆಗೆ ಎರಡು ವಾಕ್ಯಕ್ಕಿಂತ ಹೆಚ್ಚು ಎತ್ತಿಕೊಳ್ಳಬಾರದು. ಬೆಳಿಗ್ಗೆ ಹನ್ನೊಂದರ ಹೊತ್ತು ವಾಸಿ. ಊಟ ಮುಗಿಸಿ ಕೂತರೆ ಅರ್ಧ ಜನಕ್ಕೆ ತೂಕಡಿಕೆ, ಉಳಿದರ್ಧಕ್ಕೆ ಜೋರು.

‘ಎಲ್ಲಾ ಅವರದೇ ನಾಟಕ ಸಾರ್’ ಅನ್ನುವುದನ್ನು ಬೋರ್ಡಿಗೆ ಹತ್ತಿಸುವುದಿಲ್ಲ. ಅದರೊಳಗೆ ಮೂರು ಮಾತು ಕಲಸಿಕೊಂಡಿವೆ. ಎಚ್ಚರಿಕೆ ಇದ್ದರೂ ಅಮೆರಿಕ ಸರ್ಕಾರ ಎಡವಿತು ಅನ್ನುವುದು ಮೊದಲನೆಯದು. ಗೊತ್ತಿದ್ದೂ ಬೇಕಂತಲೇ ಬಿಟ್ಟಿತು ಅನ್ನುವುದು ಎರಡನೆಯದು. ತಾನೇ ಮಾಡಿಸಿತು ಅನ್ನುವುದು ಮೂರನೆಯದು. ಮೊದಲನೆಯದಕ್ಕೆ ಸಿಕ್ಕ ಪುರಾವೆಯನ್ನು ಸದ್ದಿಲ್ಲದೆ ಮೂರನೆಯದರ ಖಾತೆಗೆ ಜಮಾ ಮಾಡುವುದೇ ಈ ವಾದಗಳ ಮುಕ್ಕಾಲು ಪಾಲು ಚಮತ್ಕಾರ.

ಹಾಗಾಗಿ ಮೊದಲ ಕಾಲು ಗಂಟೆ ಒಪ್ಪಿಕೊಳ್ಳಲಿಕ್ಕೇ ಮೀಸಲು. ಬಿನ್ ಲಾಡೆನ್ ಅಮೆರಿಕದೊಳಗೇ ದಾಳಿಗೆ ಪಣ ತೊಟ್ಟಿದ್ದಾನೆ ಎಂಬ ಟಿಪ್ಪಣಿ 2001ರ ಆಗಸ್ಟ್ 6ರಂದು ಅಧ್ಯಕ್ಷ ಬುಷ್ ಕೈ ಸೇರಿತ್ತು. ಮಿಹ್ದಾರ್ ಮತ್ತು ಹಜ್ಮಿ ಎಂಬಿಬ್ಬರು ಅಪಹರಣಕಾರರ ಸುಳಿವು ಸಿಐಎಗೆ ಮೊದಲೇ ಇತ್ತು, ಎಫ್‌ಬಿಐಗೆ ಹೊತ್ತಿಗೆ ಸರಿಯಾಗಿ ಮುಟ್ಟಲಿಲ್ಲ. ಸೌದಿ ನಂಟಿನ ಬಗ್ಗೆ ಸಂಸತ್ತಿನ ತನಿಖೆ ಬರೆದ 28 ಪುಟ 2016ರ ಜುಲೈವರೆಗೆ ಗುಟ್ಟಾಗಿಯೇ ಇದ್ದವು. 1962ರಲ್ಲಿ ‘ಆಪರೇಷನ್ ನಾರ್ತ್‌ವುಡ್ಸ್’ ಹೆಸರಲ್ಲಿ, ಸುಳ್ಳು ದಾಳಿ ನಡೆಸಿ ಕ್ಯೂಬಾ ಮೇಲೆ ಹೊರಿಸುವ ಯೋಜನೆಯನ್ನು ಅಮೆರಿಕದ ಸೇನಾ ಮುಖ್ಯಸ್ಥರೇ ಬರೆದು ಕೊಟ್ಟಿದ್ದರು. ಕೆನಡಿ ಸರ್ಕಾರ ಒಪ್ಪಲಿಲ್ಲ. ಇರಾಕಿನಲ್ಲಿ ಸಾಮೂಹಿಕ ವಿನಾಶದ ಅಸ್ತ್ರ ಸಿಗಲಿಲ್ಲ ಅನ್ನುವುದಂತೂ ಎಲ್ಲರಿಗೂ ಗೊತ್ತು. ಇಷ್ಟನ್ನೂ ನಾವೇ ಮೊದಲು ಹೇಳಿಬಿಡಬೇಕು. ಹೇಳದಿದ್ದರೆ ಎದುರಿನವರು ಒಂದೊಂದನ್ನೇ ಹೊರಗೆಳೆಯುತ್ತಾರೆ, ಪ್ರತಿ ಸಲವೂ ನಾವು ಮುಚ್ಚಿಟ್ಟವರ ಹಾಗೆ ಕಾಣುತ್ತೇವೆ.

ಆಮೇಲೆ ಉಕ್ಕು: ಬರೀ ಬೆಂಕಿಗೆ ಉಕ್ಕಿನ ಕಟ್ಟಡ ಬೀಳುವುದಿಲ್ಲ ಅನ್ನುವ ವಾದ. ಬೆಂಗಳೂರಿನಲ್ಲಿ ಇದು ಬರುವ ರೂಪವೇ ಬೇರೆ: ‘2010ರಲ್ಲಿ ಕಾರ್ಲ್‌ಟನ್ ಟವರ್ಸ್‌ಗೆ ಬೆಂಕಿ ಬಿತ್ತಲ್ಲ ಸಾರ್, ಬಿಲ್ಡಿಂಗ್ ಬಿತ್ತಾ?’ ಬೀಳಲಿಲ್ಲ. ಹಳೇ ಏರ್‌ಪೋರ್ಟ್ ರಸ್ತೆಯ ಆ ಕಟ್ಟಡ ಕಾಂಕ್ರೀಟಿನದು, ಅಲ್ಲಿ ಪ್ರಾಣ ಹೋದದ್ದು ಹೊಗೆಯಿಂದ ಮತ್ತು ಕಿಟಕಿಯಿಂದ ಜಿಗಿದದ್ದರಿಂದ. ಕಾಂಕ್ರೀಟ್ ತನ್ನೊಳಗಿನ ಸರಳಿಗೆ ತಾನೇ ಹೊದಿಕೆ. ಉಕ್ಕಿನ ಕಂಬಕ್ಕೆ ಆ ಹೊದಿಕೆಯನ್ನು ಬೇರೆಯಾಗಿ ಮೆತ್ತಬೇಕು, ಅವಳಿ ಗೋಪುರದಲ್ಲಿ ಅದನ್ನು ವಿಮಾನದ ಬಡಿತ ಕಿತ್ತುಹಾಕಿತ್ತು.

‘ಉಕ್ಕು ಕರಗಲು 1500 ಡಿಗ್ರಿ ಬೇಕು, ವಿಮಾನದ ಇಂಧನಕ್ಕೆ ಅಷ್ಟು ಕಾವಿಲ್ಲ’ ಅನ್ನುವ ಮಾತು ಎರಡೂ ಕಡೆ ನಿಜ. ಆದರೆ ಉಕ್ಕು ಕರಗಿದ್ದರಿಂದ ಗೋಪುರ ಬಿತ್ತು ಅಂತ ತನಿಖೆ ಹೇಳಿಯೇ ಇಲ್ಲ. ಸುಮಾರು 600 ಡಿಗ್ರಿಗೆ ಅದರ ಬಲ ಅರ್ಧಕ್ಕೆ ಇಳಿಯುತ್ತದೆ. ಇಂಧನ ಕೆಲವೇ ನಿಮಿಷದಲ್ಲಿ ಉರಿದು ಮುಗಿಯಿತು; ಮುಂದಕ್ಕೆ ಉರಿದದ್ದು ಮೇಜು, ಕಾಗದ, ಕಾರ್ಪೆಟ್. ಇದನ್ನು ಬಾಯಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ. ಪೀಣ್ಯದ ಯಾವುದಾದರೂ ಫ್ಯಾಬ್ರಿಕೇಷನ್ ಶೆಡ್‌ನಲ್ಲಿ 12 ಎಂಎಂ ಸರಳನ್ನು ಗ್ಯಾಸ್ ಟಾರ್ಚ್‌ನಲ್ಲಿ ಮಂದ ಕೆಂಪು ಬರುವವರೆಗೆ ಕಾಯಿಸಲು ಹೇಳಿ, ಇಕ್ಕಳದಲ್ಲಿ ಬಗ್ಗಿಸುವುದನ್ನು ವಿಡಿಯೋ ಮಾಡಿಕೊಳ್ಳಿ. ಒಂದು ಹನಿಯೂ ಕರಗಿರುವುದಿಲ್ಲ, ಸರಳು ಮಾತ್ರ ಮಡಚಿಕೊಂಡಿರುತ್ತದೆ. ಬಿಳಿ ಕಾವಿಗೆ ಹೋಗಬಾರದು, ಆಗ ತೋರಿಸಬೇಕಾದದ್ದೇ ತಪ್ಪುತ್ತದೆ.

ಅಳತೆಯನ್ನು ನಮ್ಮ ಲೆಕ್ಕಕ್ಕೆ ಇಳಿಸಬೇಕು. ಗೋಪುರದ ಒಂದು ಅಂತಸ್ತು 208 ಅಡಿಗೆ 208 ಅಡಿ, ಅಂದರೆ ಹೆಚ್ಚುಕಡಿಮೆ ನಲವತ್ತು ಗುಂಟೆ, ಮೂವತ್ತು-ನಲವತ್ತರ 36 ಸೈಟು. ಒಂದೊಂದು ಅಂತಸ್ತಿಗೆ ಅಷ್ಟು, ಅಂಥ ಹಲವು ಅಂತಸ್ತು ಒಟ್ಟಿಗೆ ಉರಿಯುತ್ತಿದ್ದವು. ಈ ಅಂಕಿ ಹೇಳಿದ ಮೇಲೆ ‘ಸಣ್ಣ ಬೆಂಕಿ’ ಅನ್ನುವ ಪದ ತಾನಾಗಿಯೇ ಹಿಂದೆ ಸರಿಯುತ್ತದೆ.

ಗೋಪುರಗಳ ಮಟ್ಟಿಗೆ ನನ್ನ ಪ್ರಕಾರ ಬಲವಾದ ಪುರಾವೆ ತಾಪಮಾನದ್ದಲ್ಲ, ಫೋಟೋದ್ದು. ಉತ್ತರ ಗೋಪುರಕ್ಕೆ ವಿಮಾನ ಬಡಿದದ್ದು 8:46ಕ್ಕೆ, ಅದು ಬಿದ್ದದ್ದು 10:28ಕ್ಕೆ. ಬೀಳುವ ಕೆಲವು ನಿಮಿಷ ಮುಂಚಿನ ಚಿತ್ರಗಳಲ್ಲಿ ದಕ್ಷಿಣ ಮುಖದ ಹೊರಗಂಬಗಳು 55 ಇಂಚಿನಷ್ಟು ಒಳಕ್ಕೆ ಬಾಗಿರುವುದು ಕಾಣುತ್ತದೆ. ಜೋತುಬಿದ್ದ ಅಂತಸ್ತುಗಳು ಎಳೆದರೆ ಹೀಗಾಗುತ್ತದೆ. ಸ್ಫೋಟಕ ಕಂಬವನ್ನು ಕ್ಷಣದಲ್ಲಿ ಕತ್ತರಿಸುತ್ತದೆ, ನಿಮಿಷಗಟ್ಟಲೆ ಒಳಗೆಳೆಯುವುದಿಲ್ಲ.

ನಿಜವಾದ ಗುದ್ದಾಟ ವರ್ಲ್ಡ್ ಟ್ರೇಡ್ ಸೆಂಟರಿನ ಏಳನೇ ಕಟ್ಟಡದ ಮೇಲೆ. 47 ಅಂತಸ್ತು, ವಿಮಾನ ಬಡಿದಿಲ್ಲ, ಅದೇ ಸಂಜೆ 5:20ಕ್ಕೆ ಬಿತ್ತು. ಅರೆಬರೆ ಓದಿಕೊಂಡು ಹೋದವರು ಇಲ್ಲೇ ಜಾರುವುದು. ಉತ್ತರ ಗೋಪುರದ ಅವಶೇಷ ಬಡಿದು ಬೆಂಕಿ ಹತ್ತಿತು, ನೀರಿನ ಮುಖ್ಯ ಕೊಳವೆ ಒಡೆದು ಕೆಳ ಅಂತಸ್ತುಗಳ ಸ್ಪ್ರಿಂಕ್ಲರ್‌ಗೆ ನೀರಿಲ್ಲ, ಹತ್ತಿರ ಹತ್ತಿರ ಏಳು ಗಂಟೆ ಉರಿಯಿತು. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2008ರ ನವೆಂಬರ್‌ನ ವರದಿಯಲ್ಲಿ ಹೇಳಿದ್ದು: ಬಿಸಿಗೆ ಹಿಗ್ಗಿದ ಬೀಮುಗಳು ಒಂದು ಗರ್ಡರನ್ನು (ದೊಡ್ಡ ತೊಲೆ) ಅದರ ಆಸರೆಯಿಂದ ತಳ್ಳಿದವು, ಅಂತಸ್ತುಗಳು ಒಂದರ ಮೇಲೊಂದು ಬಿದ್ದವು, ಆಸರೆ ತಪ್ಪಿದ 79ನೇ ಕಂಬ ಬಾಗಿತು. ಹಿಗ್ಗುವುದನ್ನು ಬೋರ್ಡಿನಲ್ಲೇ ಲೆಕ್ಕ ಹಾಕಬಹುದು. ಉಕ್ಕು ಒಂದು ಡಿಗ್ರಿಗೆ, ಒಂದು ಮೀಟರಿಗೆ ಸುಮಾರು 0.012 ಮಿಲಿಮೀಟರ್ ಉದ್ದವಾಗುತ್ತದೆ. ಹತ್ತು ಮೀಟರಿನ ಬೀಮು 400 ಡಿಗ್ರಿ ಬಿಸಿಯಾದರೆ 48 ಮಿಲಿಮೀಟರ್.

ಈಗ ‘ಮುಕ್ತ ಪತನ’: ಏಳನೇ ಕಟ್ಟಡ ಯಾವ ತಡೆಯೂ ಇಲ್ಲದೆ ಬಿತ್ತು, ಹಾಗಾಗಿ ಕಂಬಗಳನ್ನು ಸಿಡಿಸಿದ್ದರು ಅನ್ನುವ ವಾದ. ವಾಕ್ಯ ಬರೆಸುವಾಗ ಎಷ್ಟು ಹೊತ್ತು, ಎಲ್ಲಿಂದ ಎಲ್ಲಿಗೆ ಅಂತ ಕೇಳಿ. ನಿಸ್ಟ್ ಅಳೆದದ್ದು ಮೇಲಿನ 18 ಅಂತಸ್ತಿನಷ್ಟು ಇಳಿತ, ಸುಮಾರು 74 ಮೀಟರ್. ಯಾವ ತಡೆಯೂ ಇಲ್ಲದಿದ್ದರೆ 3.9 ಸೆಕೆಂಡ್ ಸಾಕು, ಹಿಡಿದದ್ದು 5.4 ಸೆಕೆಂಡ್. ಆದರೆ ಅದರ ಮಧ್ಯದ 2.25 ಸೆಕೆಂಡ್, ಸುಮಾರು ಎಂಟು ಅಂತಸ್ತು, ಮುಕ್ತ ಪತನವೇ. ಆಗಸ್ಟ್‌ನ ಕರಡು ವರದಿಯಲ್ಲಿ ಇದು ಇರಲಿಲ್ಲ, ಒಬ್ಬ ಭೌತಶಾಸ್ತ್ರದ ಮೇಷ್ಟ್ರು ಆಕ್ಷೇಪ ಎತ್ತಿದ ಮೇಲೆ ಅಂತಿಮ ವರದಿಗೆ ಬಂತು. ಅವರು ಸರಿ ಇದ್ದರು ಅಂತ ಒಪ್ಪುವುದರಲ್ಲಿ ನಷ್ಟವೇನಿಲ್ಲ. ಒಳಗಿನ ಕಂಬಗಳು ಅಷ್ಟು ಹೊತ್ತಿಗಾಗಲೇ ಹೋಗಿದ್ದವು. ಹೊರಗಂಬಗಳು ಎಂಟು ಅಂತಸ್ತಿನುದ್ದ ಬಾಗಿದಾಗ ಆ ಸ್ವಲ್ಪ ಹೊತ್ತು ತಡೆ ಇಲ್ಲದಂತಾಯಿತು ಅನ್ನುವುದು ವಿವರಣೆ.

ಇದನ್ನು ಕೂತವರಿಂದಲೇ ಅಳೆಸಿದರೆ ಒಳ್ಳೆಯದು. ವಿಡಿಯೋವನ್ನು ವಿಎಲ್‌ಸಿಯಲ್ಲಿ ತೆರೆದು ‘ಇ’ ಕೀಲಿ ಒತ್ತುತ್ತ ಹೋದರೆ ಒಂದೊಂದೇ ಫ್ರೇಮ್ ಮುಂದೆ ಸಾಗುತ್ತದೆ. ಎಡವಟ್ಟು ಮೂರು ಕಡೆ ಆಗುತ್ತದೆ. ಅಮೆರಿಕದ ಟಿವಿ ಚಿತ್ರಿಕೆ ಸೆಕೆಂಡಿಗೆ 29.97 ಫ್ರೇಮ್, ನಮ್ಮ ಟಿವಿಯ ಅಭ್ಯಾಸದಲ್ಲಿ 25ರಿಂದ ಭಾಗಿಸಿದರೆ 162 ಫ್ರೇಮು 5.4ರ ಬದಲು 6.5 ಸೆಕೆಂಡ್ ಆಗಿಬಿಡುತ್ತದೆ, ತಪ್ಪು ನಮ್ಮ ಪರವಾಗಿಯೇ ಇದ್ದರೂ ಎದುರಿನವರು ಬಿಡುತ್ತಾರೆಯೇ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಪ್ರತಿಯಲ್ಲಿ ಫ್ರೇಮುಗಳು ಬಿದ್ದುಹೋಗಿರುತ್ತವೆ, ಅದನ್ನು ಅಳೆಯಲೇಬಾರದು. ಮೂರನೆಯದು, ‘ಶುರು’ ಯಾವ ಫ್ರೇಮು ಅನ್ನುವುದು; ಮೊದಲ ಚಲನೆ ನಿಧಾನವಾದ್ದರಿಂದ ಒಬ್ಬೊಬ್ಬರು ಒಂದೊಂದು ಕಡೆ ಗುರುತಿಸುತ್ತಾರೆ, ಅಲ್ಲೇ ಒಂದು ಸೆಕೆಂಡ್ ಹೆಚ್ಚುಕಮ್ಮಿ. ಇನ್ನೊಂದು ಮಾತು: ಛಾವಣಿಯ ಪೂರ್ವದ ಪೆಂಟ್‌ಹೌಸ್ ಒಳಕ್ಕೆ ಕುಸಿದು ಸುಮಾರು 7 ಸೆಕೆಂಡ್ ಆದ ಮೇಲೆ ಹೊರಮುಖ ಇಳಿಯಿತು. ಹರಿದಾಡುವ ಕ್ಲಿಪ್ಪುಗಳಲ್ಲಿ ಈ ಭಾಗವನ್ನೇ ಕತ್ತರಿಸಿರುತ್ತಾರೆ. ಇಡೀ ಚಿತ್ರಿಕೆ ಹಾಕಿದಾಗ ಕೋಣೆಯಲ್ಲಿ ಒಂದಿಬ್ಬರಾದರೂ ‘ಇದು ನೋಡೇ ಇರ್ಲಿಲ್ಲ’ ಅನ್ನುತ್ತಾರೆ.

ಸದ್ದಿನ ಪ್ರಶ್ನೆಯನ್ನು ನಾವಾಗಿಯೇ ಎತ್ತಬೇಕು. 79ನೇ ಕಂಬ ಒಂದನ್ನೇ ಕತ್ತರಿಸಬಲ್ಲ ಕನಿಷ್ಠ ಸ್ಫೋಟಕವೂ ಅರ್ಧ ಮೈಲಿ ದೂರಕ್ಕೆ 130ರಿಂದ 140 ಡೆಸಿಬಲ್ ಕೇಳಿಸುತ್ತಿತ್ತು ಅನ್ನುವುದು ನಿಸ್ಟ್ ಲೆಕ್ಕ. ಆ ಹೊತ್ತಿಗೆ ಸುತ್ತ ಕ್ಯಾಮೆರಾಗಳಿದ್ದವು. ಅಂಥ ಸದ್ದು ಯಾವುದರಲ್ಲೂ ದಾಖಲಾಗಿಲ್ಲ.

ಚೆನ್ನಾಗಿ ಓದಿಕೊಂಡವರು ಅಲಾಸ್ಕ ವಿಶ್ವವಿದ್ಯಾಲಯದ 2020ರ ವರದಿ ತರುತ್ತಾರೆ: ಬೆಂಕಿಯಿಂದ ಏಳನೇ ಕಟ್ಟಡ ಬೀಳಲಿಲ್ಲ ಎಂಬುದು ಅದರ ತೀರ್ಮಾನ. ಅದಕ್ಕೆ ದುಡ್ಡು ಕೊಟ್ಟದ್ದು ಸ್ಫೋಟದ ವಾದ ಮಾಡುವ ವಾಸ್ತುಶಿಲ್ಪಿ-ಎಂಜಿನಿಯರುಗಳ ಗುಂಪೇ. ‘ದುಡ್ಡು ಯಾರದು ನೋಡಿ’ ಅಂತ ನಾವು ಶುರುಮಾಡಿದರೆ ಕೆಟ್ಟೆವು. ನಿಸ್ಟ್‌ಗೆ ದುಡ್ಡು ಕೊಟ್ಟದ್ದು ಸರ್ಕಾರ ಅಂತ ಅವರು ಸುಮ್ಮನೆ ತಿರುಗಿಸುತ್ತಾರೆ. ಉತ್ತರ ಬೇರೆ ಇದೆ. ಗರ್ಡರಿನ ಬಗ್ಗೆ ನಿಸ್ಟ್ ತಪ್ಪಿದ್ದರೂ, ಅದರಿಂದ ಸ್ಫೋಟಕ ಇತ್ತು ಅಂತ ಆಗುವುದಿಲ್ಲ. ಸ್ಫೋಟಕಕ್ಕೆ ಅದರದೇ ಪುರಾವೆ ಬೇಕು. ಹಾಗೆಯೇ ನಿಸ್ಟ್‌ನ ಕಂಪ್ಯೂಟರ್ ಮಾದರಿಯ ಕೆಲವು ಅಂಕಿಅಂಶಗಳನ್ನು ಸಾರ್ವಜನಿಕ ಸುರಕ್ಷತೆಯ ಹೆಸರಲ್ಲಿ ತಡೆಹಿಡಿದದ್ದು ನಿಜ, ಅದು ಸರಿಯಲ್ಲ ಅಂತಲೇ ನನ್ನ ಅಭಿಪ್ರಾಯ. ಬೋರ್ಡಿನ ಮೇಲೆ ‘ತೀರ್ಮಾನವಾಗಿಲ್ಲ’ ಅನ್ನುವ ಕಾಲಮ್ಮಿಗೆ ಅದು ಹೋಗುತ್ತದೆ.

ಮಿಕ್ಕವು ಬೇಗ ಮುಗಿಯುತ್ತವೆ. ಏಳನೇ ಕಟ್ಟಡ ಬೀಳುವ ಮೊದಲೇ ಬಿತ್ತು ಅಂತ ಬಿಬಿಸಿ ಹೇಳಿತು ಅನ್ನುವುದಕ್ಕೆ: ಬೀಳಬಹುದೆಂದು ಅಗ್ನಿಶಾಮಕದವರು ಮಧ್ಯಾಹ್ನದಿಂದಲೇ ಜನರನ್ನು ದೂರ ಸರಿಸಿದ್ದರು, ಗಡಿಬಿಡಿಯಲ್ಲಿ ಸುದ್ದಿ ತಿರುಚಿಕೊಂಡಿತು. ದಾಳಿ ಗೊತ್ತಿದ್ದವರು ಯುನೈಟೆಡ್ ಏರ್‌ಲೈನ್ಸ್ ಷೇರು ಬೀಳುತ್ತದೆಂದು ಮೊದಲೇ ಬಾಜಿ ಕಟ್ಟಿದ್ದರು ಅನ್ನುವುದಕ್ಕೆ: ಸೆಪ್ಟೆಂಬರ್ 6ರ ಪುಟ್ ಆಪ್ಷನ್‌ಗಳಲ್ಲಿ (ಅಂಥ ಬಾಜಿಗಳಲ್ಲಿ) ಶೇ. 95 ಕೊಂಡದ್ದು ಅಲ್ ಖೈದಾ ನಂಟಿಲ್ಲದ ಒಂದೇ ಅಮೆರಿಕನ್ ಹೂಡಿಕೆ ಸಂಸ್ಥೆ, ಅದೇ ಸಂಸ್ಥೆ 10ರಂದು ಅಮೆರಿಕನ್ ಏರ್‌ಲೈನ್ಸಿನ 1,15,000 ಷೇರನ್ನೂ ಕೊಂಡಿತ್ತು. ಧೂಳಿನಲ್ಲಿ ಥರ್ಮೈಟ್ (ಐರನ್ ಆಕ್ಸೈಡ್ ಮತ್ತು ಅಲ್ಯುಮಿನಿಯಂ ಪುಡಿಯ, ಉಕ್ಕು ಕರಗಿಸುವಷ್ಟು ಕಾವಿನಲ್ಲಿ ಉರಿಯುವ ಮಿಶ್ರಣ) ಇತ್ತು ಅನ್ನುವ 2009ರ ಲೇಖನದ ಕೆಂಪು ಚೂರುಗಳಿಗೆ ಉತ್ತರ ಕೊಡುವಾಗ, ನಮ್ಮ ಗ್ರಿಲ್ ಗೇಟಿಗೆ ಬಳಿಯುವ ರೆಡ್ ಆಕ್ಸೈಡೂ ಐರನ್ ಆಕ್ಸೈಡೇ ಅಂತ ನೆನಪಿಸಬೇಕು. ಯಹೂದಿಗಳು ಅಂದು ಕೆಲಸಕ್ಕೆ ಬರಲಿಲ್ಲ ಅನ್ನುವುದು ಮಾತ್ರ ಬೇರೆ ಜಾತಿಯದು, ಒಂದು ಜನಾಂಗದ ಮೇಲಿನ ಚಾಡಿ. ಸತ್ತ 2,977 ಮಂದಿಯಲ್ಲಿ ಬಹಳ ಯಹೂದಿಗಳಿದ್ದಾರೆ ಅಂತ ಹೇಳಿ ಅಲ್ಲಿಗೇ ನಿಲ್ಲಿಸುತ್ತೇವೆ, ಅದಕ್ಕೆ ಅರ್ಧ ಗಂಟೆ ಕೊಡುವುದಿಲ್ಲ. ಬೆಂಗಳೂರಿನ ರಾಮೇಶ್ವರಂ ಕೆಫೆ ಸ್ಫೋಟದ ಕಡೆ ಮಾತು ಹೊರಳಿದರೆ ಅದನ್ನೂ ತಡೆಯುತ್ತೇವೆ. ಗಾಯಗೊಂಡವರು ಇದೇ ಊರಿನಲ್ಲಿದ್ದಾರೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ತಿನ್ನುವ ಪದ ‘ಅದಿರ್ಲಿ’. ಒಂದಕ್ಕೆ ಉತ್ತರ ಮುಗಿಯುವಷ್ಟರಲ್ಲಿ ‘ಅದಿರ್ಲಿ ಸಾರ್, ಪೆಂಟಗನ್‌ಗೆ ಏನಂತೀರ?’ ಬೋರ್ಡಿನ ಬಲಮೂಲೆಯಲ್ಲಿ ‘ಆಮೇಲೆ’ ಅಂತ ಬರೆದು ಅಲ್ಲಿ ಪೆಂಟಗನ್ (ಅದೇ ದಿನ ವಿಮಾನ ಬಡಿದ ಅಮೆರಿಕದ ರಕ್ಷಣಾ ಕಚೇರಿ) ಸೇರಿಸಿ, ಮೊದಲ ವಾಕ್ಯ ಅಳಿಸಬೇಕೋ ಉಳಿಸಬೇಕೋ ಅಂತ ಅವರನ್ನೇ ಕೇಳಿ. ಮಾರ್ಕರ್ ಅವರ ಕೈಗೇ ಕೊಡಬೇಕು. ಮನೆಯ ಹಿರಿಯರಾದರೆ ಫ್ಯಾಮಿಲಿ ಗ್ರೂಪಿನಲ್ಲಿ ಬೇಡವೇ ಬೇಡ. ಎಲ್ಲರೆದುರು ದೊಡ್ಡಪ್ಪನಿಗೆ ತಪ್ಪು ತೋರಿಸಿದರೆ ಅವರು ಇನ್ನೂ ನಾಲ್ಕು ವಿಡಿಯೋ ಹಾಕುತ್ತಾರೆ. ಫೋನ್ ಮಾಡಿ ‘ದೊಡ್ಡಪ್ಪ, ಆ ವಿಡಿಯೋದಲ್ಲಿ ಪೆಂಟ್‌ಹೌಸ್ ಬೀಳೋದು ಇಲ್ವಲ್ಲ, ಪೂರ್ತಿದು ಕಳಿಸ್ಲಾ?’ ಅನ್ನುವುದು ಮೇಲು.

ಕಡೆಯ ಹತ್ತು ನಿಮಿಷ ‘ಯಾವುದು ಸಿಕ್ಕರೆ ನಿಮ್ಮ ಮನಸ್ಸು ಬದಲಾಗುತ್ತದೆ’ ಅನ್ನುವ ಪ್ರಶ್ನೆಗೆ. ಮೊದಲು ನಡೆಸಿಕೊಡುವವರು ಉತ್ತರಿಸಬೇಕು. ನನ್ನದು ಹೀಗೆ: ಕುಸಿತಕ್ಕೆ ಮುಂಚಿನ ಸ್ಫೋಟಗಳ ಸರಣಿ ಸದ್ದು ಇರುವ, ಕೈಯಾಡಿಸದ ಮೂಲ ಟೇಪು, ಇಲ್ಲವೇ ಸ್ಫೋಟಕದಿಂದ ಕತ್ತರಿಸಿದ ಗುರುತಿರುವ, ಯಾವ ಕಟ್ಟಡದ್ದೆಂದು ಖಾತ್ರಿಯಾದ ಕಂಬ. ಎದುರಿನವರು ಅಂಥದ್ದೇ ಒಂದನ್ನು ಹೇಳಿದರೆ ಅದೇ ಮುಂದಿನ ಸಲದ ವಾಕ್ಯ. ‘ಏನು ಸಿಕ್ಕರೂ ಬದಲಾಗಲ್ಲ’ ಅಂದರೆ ಆ ವಾಕ್ಯವನ್ನು ಬೋರ್ಡಿನಿಂದ ಇಳಿಸಿ ‘ಆಮೇಲೆ’ಯಲ್ಲಿರುವ ಪೆಂಟಗನ್ ಎತ್ತಿಕೊಳ್ಳುತ್ತೇವೆ.